ರುಜುವಾತಿನ ಹೊಣೆ: ಯುದ್ಧೋತ್ತರ ಅಮೆರಿಕದಲ್ಲಿ ಮತದಾನದ ಹಕ್ಕು



ಎರಡನೆಯ ಮಹಾಯುದ್ಧದ ನಂತರ ಅಮೆರಿಕದಲ್ಲಿ ನಡೆದ ಸಮಾನತೆಯ ಹೋರಾಟ ಎಂದ ಕೂಡಲೇ ನಮ್ಮ ಕಣ್ಣಿಗೆ ಬರುವುದು ಮಾಂಟ್ಗೊಮರಿಯ ಬಸ್ಸು, ಲಿಂಕನ್ ಸ್ಮಾರಕದ ಮೆಟ್ಟಿಲ ಮೇಲೆ ನಿಂತ ಮಾರ್ಟಿನ್ ಲೂಥರ್ ಕಿಂಗ್, ಸೆಲ್ಮಾದ ಸೇತುವೆ. ಆ ದೃಶ್ಯಗಳ ಹಿರಿಮೆಯನ್ನು ಒಪ್ಪುತ್ತಲೇ, ಇವತ್ತು ತಮ್ಮನ್ನು ಅಷ್ಟಾಗಿ ಯಾರೂ ಚಿತ್ರ ತೆಗೆಯದ ಜಾಗಕ್ಕೆ ಕರೆದೊಯ್ಯಬೇಕೆಂದಿದ್ದೇನೆ. ಅದು ಕೌಂಟಿ ನ್ಯಾಯಾಲಯದ ಕಟ್ಟಡದೊಳಗಿನ ಮತದಾರರ ನೋಂದಣಿ ಕಚೇರಿ. ಅಲ್ಲೊಂದು ಮೇಜು, ಅದರ ಆಚೆ ಒಬ್ಬ ರಿಜಿಸ್ಟ್ರಾರ್, ಈಚೆ ಅರ್ಜಿ ಹಿಡಿದು ನಿಂತ ಒಬ್ಬ ಕಪ್ಪು ನಾಗರಿಕ. ಆ ದೇಶದ ಸಂವಿಧಾನ ಈ ನಾಗರಿಕನಿಗೆ ಮತದ ಹಕ್ಕನ್ನು 1870ರಲ್ಲೇ ಕೊಟ್ಟಿತ್ತು. ಆ ಹಕ್ಕು ಅವನ ಕೈಸೇರಲು 1965ರವರೆಗೆ ಕಾಯಬೇಕಾಯಿತು. ನಡುವಿನ ತೊಂಬತ್ತೈದು ವರ್ಷಗಳ ಕಥೆಯನ್ನು ಬಿಡಿಸುತ್ತಾ ಹೋದರೆ ಒಂದೇ ಪ್ರಶ್ನೆ ಮತ್ತೆ ಮತ್ತೆ ಎದುರಾಗುತ್ತದೆ: ರುಜುವಾತು ಮಾಡುವ ಹೊಣೆ ಯಾರದು? ತಾನು ಅರ್ಹ ಎಂದು ನಾಗರಿಕ ತೋರಿಸಬೇಕೋ, ತಾನು ಅನ್ಯಾಯ ಮಾಡುತ್ತಿಲ್ಲ ಎಂದು ಸರ್ಕಾರ ತೋರಿಸಬೇಕೋ? ಯುದ್ಧೋತ್ತರ ಅಮೆರಿಕದ ಅತ್ಯಂತ ಪರಿಣಾಮಕಾರಿ ಸುಧಾರಣೆ ಈ ಹೊಣೆಯನ್ನು ನಾಗರಿಕನಿಂದ ಸರ್ಕಾರದ ಹೆಗಲಿಗೆ ದಾಟಿಸಿತು ಎಂಬುದು ನನ್ನ ವಾದ.

ಅಂತರ್ಯುದ್ಧದ ಬೆನ್ನಿಗೆ ಮೂರು ಸಂವಿಧಾನ ತಿದ್ದುಪಡಿಗಳು ಬಂದವು. 1865ರ ತಿದ್ದುಪಡಿ ಗುಲಾಮಗಿರಿಯನ್ನು ತೆಗೆದುಹಾಕಿತು. 1868ರದು ಪೌರತ್ವವನ್ನೂ ಕಾನೂನಿನ ಸಮಾನ ರಕ್ಷಣೆಯನ್ನೂ ಕೊಟ್ಟಿತು. 1870ರ ಹದಿನೈದನೆಯ ತಿದ್ದುಪಡಿ, ಜನಾಂಗ, ಮೈಬಣ್ಣ ಅಥವಾ ಹಿಂದಿನ ಗುಲಾಮತನದ ಕಾರಣಕ್ಕೆ ಯಾರ ಮತದ ಹಕ್ಕನ್ನೂ ಕಸಿಯಕೂಡದು ಎಂದಿತು. ಇದನ್ನು ಜಾರಿಗೆ ತರುವ ಅಧಿಕಾರವನ್ನು ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸಿಗೆ ವಹಿಸಿತು. ಕೆಲವು ವರ್ಷ ಇದೆಲ್ಲ ನಡೆದೂ ನಡೆಯಿತು. ದಕ್ಷಿಣದ ರಾಜ್ಯಗಳಿಂದ ಕಪ್ಪು ಸದಸ್ಯರು ಶಾಸನಸಭೆಗಳಿಗೂ ಕಾಂಗ್ರೆಸ್ಸಿಗೂ ಆರಿಸಿಹೋದರು. 1877ರ ರಾಜಕೀಯ ಒಪ್ಪಂದದ ತರುವಾಯ ಕೇಂದ್ರದ ಕಾವಲು ಸಡಿಲವಾಯಿತು. ಮೊದಲು ಬಂದೂಕು ಮತ್ತು ಬೆದರಿಕೆ ಬಂದವು. ಅವುಗಳ ಹಿಂದೆಯೇ ಕಾನೂನು ಬಂತು.

ಕಾನೂನಿನ ದಾರಿಯನ್ನು ಮಿಸಿಸಿಪ್ಪಿ 1890ರಲ್ಲಿ ತೋರಿಸಿಕೊಟ್ಟಿತು. ಅದರ ಹೊಸ ರಾಜ್ಯ ಸಂವಿಧಾನದಲ್ಲಿ ಮತದಾನಕ್ಕೆ ಸಂಬಂಧಿಸಿದಂತೆ ಬಣ್ಣದ ಮಾತೇ ಇರಲಿಲ್ಲ. ಅಲ್ಲಿದ್ದದ್ದು ತಲೆಗಂದಾಯ ಮತ್ತು ಸಾಕ್ಷರತೆಯ ಪರೀಕ್ಷೆ. ಸಂವಿಧಾನದ ಒಂದು ವಿಧಿಯನ್ನು ಓದಬೇಕು, ಓದಲಾಗದಿದ್ದರೆ ಕೇಳಿ ಅರ್ಥ ಹೇಳಬೇಕು. ಅರ್ಥ ಸರಿಯೇ ತಪ್ಪೇ ಎಂದು ರಿಜಿಸ್ಟ್ರಾರ್ ತೀರ್ಮಾನಿಸಬೇಕು. ಮಾತು ಎಲ್ಲರಿಗೂ ಒಂದೇ, ಏಟು ಮಾತ್ರ ಒಬ್ಬರಿಗೆ. 1898ರಲ್ಲಿ ಸುಪ್ರೀಂ ಕೋರ್ಟು ಇದನ್ನು ಎತ್ತಿಹಿಡಿಯಿತು. ಬೇರೆ ರಾಜ್ಯಗಳು ಅದೇ ಜಾಡಿನಲ್ಲಿ ನಡೆದವು. ಲೂಯಿಸಿಯಾನಾದಲ್ಲಿ 1896ರಲ್ಲಿ ಮತಪಟ್ಟಿಯಲ್ಲಿದ್ದ ಕಪ್ಪು ಮತದಾರರು 1,30,334; 1904ರಲ್ಲಿ ಉಳಿದವರು 1,342. ಅಲಬಾಮಾದ ಒಬ್ಬ ಕಪ್ಪು ನಾಗರಿಕ ಈ ವ್ಯವಸ್ಥೆಯೇ ಮೋಸದ್ದು ಎಂದು ದಾವೆ ಹೂಡಿ ಸುಪ್ರೀಂ ಕೋರ್ಟಿಗೆ ಹೋದಾಗ, 1903ರಲ್ಲಿ ಬಂದ ಉತ್ತರ ಇಂದು ಓದಿದರೂ ಮನಸ್ಸು ಕಲಕುತ್ತದೆ. ವ್ಯವಸ್ಥೆಯೇ ಮೋಸವಾಗಿದ್ದರೆ ಆ ಮೋಸದ ಪಟ್ಟಿಗೆ ನಿಮ್ಮ ಹೆಸರು ಸೇರಿಸಿ ನಾವೂ ಅದರಲ್ಲಿ ಭಾಗಿಗಳಾಗಲಾರೆವು, ರಾಜಕೀಯ ಅನ್ಯಾಯಕ್ಕೆ ಪರಿಹಾರವನ್ನು ರಾಜಕೀಯದಲ್ಲೇ ಕೇಳಿಕೊಳ್ಳಿ ಎಂಬುದು ಅದರ ಸಾರ. ಮತವಿಲ್ಲದವನಿಗೆ ರಾಜಕೀಯದಲ್ಲಿ ಪರಿಹಾರ ಹುಡುಕು ಎಂದ ನ್ಯಾಯಾಲಯ ದಶಕಗಳ ಕಾಲ ಬಹುಮಟ್ಟಿಗೆ ಬಾಗಿಲು ಹಾಕಿಕೊಂಡಿತು.

ಎರಡನೆಯ ಮಹಾಯುದ್ಧ ಮುಗಿಯುವ ಹೊತ್ತಿಗೆ ಒಂದೆರಡು ಬಿರುಕುಗಳು ಕಂಡವು. ಡೆಮಾಕ್ರಟಿಕ್ ಪಕ್ಷದ ಪ್ರಾಥಮಿಕ ಚುನಾವಣೆಯಲ್ಲಿ ಬಿಳಿಯರು ಮಾತ್ರ ಮತ ಹಾಕಬಹುದೆಂಬ ಟೆಕ್ಸಸ್ ಪದ್ಧತಿಯನ್ನು 1944ರಲ್ಲಿ ಸುಪ್ರೀಂ ಕೋರ್ಟು ರದ್ದುಮಾಡಿತು. ಆ ಮೊಕದ್ದಮೆಯನ್ನು ನಡೆಸಿದ ವಕೀಲ ಥರ್ಗುಡ್ ಮಾರ್ಷಲ್ ಮುಂದೆ ಅದೇ ನ್ಯಾಯಾಲಯದ ಮೊದಲ ಕಪ್ಪು ನ್ಯಾಯಮೂರ್ತಿಯಾದರು. ಹಿಟ್ಲರನ ಜನಾಂಗವಾದದ ವಿರುದ್ಧ ಹೋರಾಡಿ ಬಂದ ಕಪ್ಪು ಸೈನಿಕರಿಗೆ ಊರಿನಲ್ಲಿ ಕಾದಿದ್ದು ಹಳೆಯ ಅವಮಾನವೇ. 1946ರಲ್ಲಿ ದಕ್ಷಿಣ ಕೆರೊಲಿನಾದಲ್ಲಿ ಐಸಾಕ್ ವುಡರ್ಡ್ ಎಂಬ ಸಾರ್ಜೆಂಟ್, ಸೇನೆಯಿಂದ ಬಿಡುಗಡೆಯಾಗಿ ಸಮವಸ್ತ್ರದಲ್ಲೇ ಬಸ್ಸಿನಲ್ಲಿ ಊರಿಗೆ ಹೊರಟವನು, ಪೊಲೀಸರ ಏಟಿಗೆ ಎರಡೂ ಕಣ್ಣು ಕಳೆದುಕೊಂಡ. ಈ ಸುದ್ದಿ ಅಧ್ಯಕ್ಷ ಟ್ರೂಮನ್ ಅವರನ್ನು ಕಲಕಿತು. ನಾಗರಿಕ ಹಕ್ಕುಗಳ ಸಮಿತಿ, 1948ರಲ್ಲಿ ಸೇನೆಯೊಳಗಿನ ಬೇರ್ಪಡಿಕೆಯನ್ನು ಕೊನೆಗೊಳಿಸುವ ಆದೇಶ, ಇವು ಅದರ ಹಿಂದೆ ಬಂದವು. ಆದರೆ ಅಧ್ಯಕ್ಷರ ಆದೇಶ ಸೇನಾ ಬ್ಯಾರಕ್ಕಿನವರೆಗೆ ಹೋಗಬಲ್ಲದು, ಕೌಂಟಿಯ ನೋಂದಣಿ ಮೇಜಿನವರೆಗೆ ಹೋಗಲಾರದು.

ಆ ಮೇಜಿನ ಬಳಿ ನಿಜವಾಗಿ ಏನು ನಡೆಯುತ್ತಿತ್ತು? ಮಿಸಿಸಿಪ್ಪಿಯ ಸಂವಿಧಾನದಲ್ಲಿ 285 ವಿಧಿಗಳಿದ್ದವು. ಅವುಗಳಲ್ಲಿ ಯಾವುದನ್ನು ಬೇಕಾದರೂ ರಿಜಿಸ್ಟ್ರಾರ್ ಆರಿಸಿ, ನಕಲು ಮಾಡಿ ಅರ್ಥ ಬರೆ ಎನ್ನಬಹುದಿತ್ತು. ಕಪ್ಪು ಶಾಲೆಗಳ ಅಧ್ಯಾಪಕರೇ ಈ ಪರೀಕ್ಷೆಯಲ್ಲಿ ಅನುತ್ತೀರ್ಣರಾಗುತ್ತಿದ್ದರು. ಇನ್ನೊಂದು ಕಡೆ, ಲೂಯಿಸಿಯಾನಾದಲ್ಲಿ ಒಬ್ಬ ಬಿಳಿಯ ಅರ್ಜಿದಾರ ಸಂವಿಧಾನದ ವಿಧಿಗೆ ಅರ್ಥವೆಂದು ‘ವಾಕ್ ಸ್ವಾತಂತ್ರ್ಯ’ ಎಂಬ ಮೂರು ಇಂಗ್ಲಿಷ್ ಪದಗಳನ್ನು ಮೂರರಲ್ಲೂ ಕಾಗುಣಿತ ತಪ್ಪಿಸಿ ಬರೆದ, ಅವನು ಪಾಸಾದ. ಸುಪ್ರೀಂ ಕೋರ್ಟಿನ 1966ರ ತೀರ್ಪಿನಲ್ಲಿ ಇದು ದಾಖಲಾಗಿದೆ. ಅಲಬಾಮಾದ ಡಲ್ಲಾಸ್ ಕೌಂಟಿಯಲ್ಲಿ, ಎಂದರೆ ಸೆಲ್ಮಾ ಊರು ಇರುವಲ್ಲಿ, ನೋಂದಣಿ ಕಚೇರಿ ತೆರೆಯುತ್ತಿದ್ದದ್ದು ತಿಂಗಳಿಗೆ ಎರಡು ಸೋಮವಾರ. ಆಗಲೇ ಪಟ್ಟಿಯಲ್ಲಿರುವ ಮತದಾರನೊಬ್ಬ ಜಾಮೀನು ಹೇಳಬೇಕು. ಪಟ್ಟಿಯಲ್ಲಿ ಕಪ್ಪುಜನ ಇಲ್ಲವೆನ್ನುವಷ್ಟು ಕಡಿಮೆಯಿರುವ ಊರಿನಲ್ಲಿ ಕಪ್ಪು ಅರ್ಜಿದಾರನ ಪರವಾಗಿ ಜಾಮೀನು ನಿಲ್ಲುವವರು ಯಾರು? ಮಿಸಿಸಿಪ್ಪಿ 1962ರಲ್ಲಿ ಮತ್ತೊಂದು ಕಾಯಿದೆ ಮಾಡಿ, ಅರ್ಜಿ ಹಾಕಿದವರ ಹೆಸರನ್ನು ಎರಡು ವಾರ ಸ್ಥಳೀಯ ಪತ್ರಿಕೆಯಲ್ಲಿ ಪ್ರಕಟಿಸಬೇಕೆಂದಿತು. ನೋಡಲು ಪಾರದರ್ಶಕತೆಯಂತಿರುವ ಈ ನಿಯಮದಿಂದ ಜಮೀನಿನ ಧಣಿಗೆ, ಸಾಲ ಕೊಟ್ಟ ಬ್ಯಾಂಕಿಗೆ, ಮನೆ ಬಾಡಿಗೆಗೆ ಕೊಟ್ಟವನಿಗೆ, ರಾತ್ರಿ ಬಂದೂಕು ಹಿಡಿದು ತಿರುಗುವವನಿಗೆ ಹೆಸರುಗಳು ಸಿಗುತ್ತಿದ್ದವು.

ಫ್ಯಾನಿ ಲೂ ಹೇಮರ್ ಅವರ ವಿಷಯದಲ್ಲಿ ಪತ್ರಿಕೆಗಾಗಿ ಕಾಯುವ ಅಗತ್ಯವೂ ಬೀಳಲಿಲ್ಲ. ಇಪ್ಪತ್ತು ಮಕ್ಕಳಲ್ಲಿ ಕೊನೆಯವರು. ಆರನೆಯ ವಯಸ್ಸಿಗೇ ಹತ್ತಿ ಬಿಡಿಸಲು ನಿಂತವರು. ಮಿಸಿಸಿಪ್ಪಿಯ ಸನ್‌ಫ್ಲವರ್ ಕೌಂಟಿಯ ಒಂದು ಹತ್ತಿ ತೋಟದಲ್ಲಿ ಹದಿನೆಂಟು ವರ್ಷ ಪಾಲಿನ ಒಕ್ಕಲಾಗಿ ದುಡಿದಿದ್ದರು. ಓದುಬರಹ ಬರುತ್ತಿದ್ದುದರಿಂದ ಆಳುಗಳ ಹಾಜರಿ ಲೆಕ್ಕ ಬರೆಯುವ ಕೆಲಸವೂ ಅವರದೇ. 1962ರ ಆಗಸ್ಟ್ 31ರಂದು ಹದಿನೇಳು ಜನರ ಜೊತೆಗೆ ಬಸ್ಸು ಹತ್ತಿ ಇಂಡಿಯಾನೋಲಾದ ನ್ಯಾಯಾಲಯಕ್ಕೆ ಹೋದರು. ರಾಜ್ಯ ಸಂವಿಧಾನದ ಒಂದು ತಾಂತ್ರಿಕ ವಿಧಿಗೆ ಅರ್ಥ ಬರೆಯಬೇಕೆಂದರು, ಬರೆಯಲಾಗಲಿಲ್ಲ. ಹಿಂದಿರುಗುವಾಗ ಬಸ್ಸನ್ನು ತಡೆದು, ಅದರ ಬಣ್ಣ ಶಾಲಾಬಸ್ಸಿನ ಹಳದಿಯಂತಿದೆ ಎಂಬ ನೆಪದಲ್ಲಿ ಚಾಲಕನಿಗೆ ದಂಡ ಹಾಕಿದರು. ಮನೆ ಮುಟ್ಟುವ ಹೊತ್ತಿಗೆ ಸುದ್ದಿ ತೋಟದ ಯಜಮಾನನನ್ನು ಮುಟ್ಟಿತ್ತು. ಅರ್ಜಿ ಹಿಂತೆಗೆದುಕೊ, ಇಲ್ಲವೇ ಜಾಗ ಬಿಡು ಎಂದ. ತಾನು ನೋಂದಣಿಗೆ ಹೋದದ್ದು ತನಗಾಗಿ, ಅವನಿಗಾಗಿ ಅಲ್ಲ ಎಂದು ಹೇಮರ್ ಉತ್ತರಿಸಿ ಅದೇ ರಾತ್ರಿ ಮನೆ ಬಿಟ್ಟರು. ಮರುವರ್ಷದ ಜನವರಿಯಲ್ಲಿ ಪರೀಕ್ಷೆ ಪಾಸಾದರು.

ಅದೇ ಸನ್‌ಫ್ಲವರ್ ಕೌಂಟಿಯ ಇನ್ನೊಬ್ಬ ನಿವಾಸಿಯನ್ನೂ ಇಲ್ಲಿ ನೆನೆಯಬೇಕು. ಸಾವಿರಾರು ಎಕರೆಯ ತೋಟದ ಒಡೆಯ, ಸೆನೆಟರ್ ಜೇಮ್ಸ್ ಈಸ್ಟ್‌ಲೆಂಡ್. ಕೌಂಟಿಯಲ್ಲಿ ಕಪ್ಪುಜನರೇ ಬಹುಸಂಖ್ಯಾತರು, ಮತಪಟ್ಟಿಯಲ್ಲಿ ಅವರು ಇಲ್ಲವೆನ್ನುವಷ್ಟು ಕಡಿಮೆ. ಹೀಗಾಗಿ ಈಸ್ಟ್‌ಲೆಂಡ್ ಚುನಾವಣೆಯ ಮೇಲೆ ಚುನಾವಣೆ ನಿರಾತಂಕವಾಗಿ ಗೆದ್ದರು. ಅಮೆರಿಕದ ಕಾಂಗ್ರೆಸ್ಸಿನಲ್ಲಿ ಸಮಿತಿಗಳ ಅಧ್ಯಕ್ಷತೆ ಸೇವಾ ಹಿರಿತನಕ್ಕೆ ಸಲ್ಲುತ್ತಿತ್ತು. 1956ರಿಂದ 1978ರವರೆಗೆ ಸೆನೆಟ್ಟಿನ ನ್ಯಾಯಾಂಗ ಸಮಿತಿ ಅವರ ಕೈಯಲ್ಲಿತ್ತು. ನಾಗರಿಕ ಹಕ್ಕುಗಳ ಮಸೂದೆಗಳು ಹಾದುಹೋಗಬೇಕಾಗಿದ್ದ ಬಾಗಿಲು ಅದು. ಯುದ್ಧೋತ್ತರ ಅಮೆರಿಕದ ರಾಜಕೀಯವನ್ನು ಅರ್ಥಮಾಡಿಕೊಳ್ಳಲು ಈ ಸರಪಳಿಯನ್ನು ಗಮನಿಸಬೇಕು. ಒಂದು ಕೌಂಟಿಯಲ್ಲಿ ಹೇಮರ್ ಅವರಂಥವರ ಮತ ಕಸಿದುಕೊಂಡಿದ್ದರಿಂದ ಹುಟ್ಟಿದ ಅಧಿಕಾರ ವಾಷಿಂಗ್ಟನ್ನಿಗೆ ಹೋಗಿ, ಇಡೀ ದೇಶದ ಕಪ್ಪುಜನರಿಗೆ ಮತ ಕೊಡಬಹುದಾಗಿದ್ದ ಕಾನೂನನ್ನು ತಡೆಯುತ್ತಿತ್ತು. ಬಡವರ ಕನಿಷ್ಠ ಕೂಲಿ, ವಿಮೆ, ಶಾಲೆಗೆ ಅನುದಾನ ಯಾವುದರಲ್ಲೂ ಈ ದಕ್ಷಿಣದ ಗುಂಪಿನ ಒಪ್ಪಿಗೆಯಿಲ್ಲದೆ ಒಂದು ಹೆಜ್ಜೆ ಇಡುವಂತಿರಲಿಲ್ಲ. ಆದ್ದರಿಂದ ಮತದ ಹಕ್ಕನ್ನು ಉಳಿದ ಸುಧಾರಣೆಗಳ ಸಾಲಿನಲ್ಲಿ ಒಂದೆಂದು ಎಣಿಸುವುದು ಸರಿಯಲ್ಲ. ಉಳಿದವಕ್ಕೆ ದಾರಿ ಬಿಡಬೇಕಾದದ್ದು ಅದೇ.

1957 ಮತ್ತು 1960ರಲ್ಲಿ ಕಾಂಗ್ರೆಸ್ ಎರಡು ನಾಗರಿಕ ಹಕ್ಕುಗಳ ಕಾಯಿದೆಗಳನ್ನು ಹೇಗೋ ಪಾಸುಮಾಡಿತು. ತಾರತಮ್ಯ ಕಂಡಲ್ಲಿ ಕೇಂದ್ರದ ನ್ಯಾಯ ಇಲಾಖೆ ದಾವೆ ಹೂಡಬಹುದು ಎಂಬುದು ಅವುಗಳ ತಿರುಳು. ಹೊಣೆ ಮೊದಲಿನಂತೆಯೇ ಅನ್ಯಾಯವಾಯಿತು ಎನ್ನುವವರ ಮೇಲಿತ್ತು. ಫಲವೇನು? ಡಲ್ಲಾಸ್ ಕೌಂಟಿಯ ವಿರುದ್ಧ ಸರ್ಕಾರ ದಾವೆ ಹೂಡಿತು. ನಾಲ್ಕು ವರ್ಷ ವಿಚಾರಣೆ ನಡೆಯಿತು. ವ್ಯಾಪಕ ತಾರತಮ್ಯ ನಡೆದಿದೆ ಎಂದು ನ್ಯಾಯಾಲಯಗಳೇ ಎರಡು ಬಾರಿ ಹೇಳಿದವು. ಮತ ಹಾಕುವ ವಯಸ್ಸಿನ ಸುಮಾರು 15,000 ಕಪ್ಪುಜನರಿದ್ದ ಆ ಕೌಂಟಿಯಲ್ಲಿ ಪಟ್ಟಿ ಸೇರಿದವರ ಸಂಖ್ಯೆ 156ರಿಂದ 383ಕ್ಕೆ ಏರಿತು, ಅಷ್ಟೇ. ಒಂದು ಮೊಕದ್ದಮೆಗೆ ದಾಖಲೆ ಜಾಲಾಡಲು ಆರು ಸಾವಿರ ಗಂಟೆಗಳವರೆಗೆ ದುಡಿಮೆ ಬೇಕಾಗುತ್ತಿತ್ತು. ಒಂದು ಪರೀಕ್ಷೆಯನ್ನು ಕೋರ್ಟು ಹೊಡೆದುಹಾಕಿದರೆ ರಾಜ್ಯ ಮರುದಿನ ಇನ್ನೊಂದನ್ನು ತರುತ್ತಿತ್ತು. ಮತ್ತೆ ಮೊದಲಿನಿಂದ ದಾವೆ. ಕಾಲವೆಂಬುದು ಯಾವಾಗಲೂ ಅನ್ಯಾಯ ಮಾಡಿದವನ ಪಕ್ಷದಲ್ಲಿತ್ತು.

ಕಾನೂನಿನ ಆಚೆಗೆ, ಜನರ ನಡುವೆ ಇದೇ ವೇಳೆಗೆ ಇನ್ನೊಂದು ಕೆಲಸ ಸದ್ದಿಲ್ಲದೆ ನಡೆಯಿತು. ನನಗೆ ಅದರ ಮೇಲೆ ವಿಶೇಷ ಗೌರವವಿದೆ. ಚಾರ್ಲ್‌ಸ್ಟನ್ ಊರಿನ ಹತ್ತಿರದ ಜಾನ್ಸ್ ದ್ವೀಪದಲ್ಲಿ ಇಸಾವ್ ಜೆಂಕಿನ್ಸ್ ಎಂಬುವರು ಕೂಲಿಗೆ ಹೋಗುವ ಜನರನ್ನು ತಮ್ಮ ಬಸ್ಸಿನಲ್ಲಿ ನಗರಕ್ಕೆ ಕರೆದೊಯ್ಯುತ್ತಾ, ದಾರಿಯಲ್ಲೇ ರಾಜ್ಯ ಸಂವಿಧಾನದ ವಿಧಿಗಳನ್ನು ಬಾಯಿಪಾಠ ಮಾಡಿಸುತ್ತಿದ್ದರು. ಬಾಯಿಪಾಠ ಸಾಲದು, ಓದಲು ಬರಬೇಕು ಎಂಬ ಬೇಡಿಕೆ ಪ್ರಯಾಣಿಕರಿಂದಲೇ ಬಂತು. ಟೆನೆಸಿಯ ಹೈಲ್ಯಾಂಡರ್ ಜಾನಪದ ಶಾಲೆ ನೆರವಾಯಿತು. 1957ರ ಜನವರಿಯಲ್ಲಿ ಮುಂದೆ ಸಹಕಾರಿ ಅಂಗಡಿ, ಹಿಂದೆ ತರಗತಿ ಎಂಬಂತೆ ಮೊದಲ ಪೌರತ್ವ ಶಾಲೆ ತೆರೆಯಿತು. ಅಂಗಡಿ ಇದ್ದುದರಿಂದ ಬಿಳಿಯರಿಗೆ ಒಳಗಿನ ಪಾಠದ ಅನುಮಾನ ಬರುತ್ತಿರಲಿಲ್ಲ. ಇದರ ರೂವಾರಿ ಸೆಪ್ಟಿಮಾ ಕ್ಲಾರ್ಕ್. ಕಪ್ಪುಜನರ ಹಕ್ಕುಗಳ ಸಂಘಟನೆಯಾದ ಎನ್‌ಎಎಸಿಪಿಯ ಸದಸ್ಯತ್ವ ಬಿಡಲೊಲ್ಲೆ ಎಂದದ್ದಕ್ಕೆ 1956ರಲ್ಲಿ ಅವರ ಅಧ್ಯಾಪಕ ಹುದ್ದೆ ಹೋಗಿತ್ತು. ಮೊದಲ ಶಿಕ್ಷಕಿಯನ್ನಾಗಿ ಆರಿಸಿದ್ದು ಬರ್ನಿಸ್ ರಾಬಿನ್ಸನ್ ಅವರನ್ನು. ಬ್ಯೂಟಿ ಪಾರ್ಲರ್ ನಡೆಸುತ್ತಿದ್ದ ಅವರು ಹಿಂದೆಂದೂ ಪಾಠ ಹೇಳಿದವರಲ್ಲ. ಅದೇ ಅವರ ಅರ್ಹತೆ. ಬಂದವರನ್ನು ಅವರು ಮೊದಲು ಕೇಳಿದ್ದು, ನಿಮಗೆ ಏನು ಕಲಿಯಬೇಕಾಗಿದೆ ಎಂದು. ಹೆಸರು ಬರೆಯಬೇಕು, ಮಗನ ಕಾಗದ ಓದಬೇಕು, ಮನಿಆರ್ಡರ್ ಫಾರಂ ತುಂಬಬೇಕು, ಬೈಬಲ್ ಓದಬೇಕು, ಮತಪಟ್ಟಿ ಸೇರಬೇಕು. ಅದೇ ಪಠ್ಯಕ್ರಮವಾಯಿತು. ಅಂಚೆಯಲ್ಲಿ ಸಾಮಾನು ತರಿಸುವ ಕೆಟಲಾಗು, ಸಂವಿಧಾನದ ಹಾಳೆ, ಇವೇ ಪಠ್ಯಪುಸ್ತಕಗಳು. ಕಿಂಗ್ ಅವರ ಸಂಘಟನೆ 1961ರಲ್ಲಿ ಈ ಕಾರ್ಯಕ್ರಮವನ್ನು ವಹಿಸಿಕೊಂಡಿತು. ಅದು ದಕ್ಷಿಣದ ಉದ್ದಗಲಕ್ಕೂ ಹರಡಿತು. ಹೇಮರ್ ಅವರೂ 1963ರಲ್ಲಿ ಇದರ ತರಬೇತಿಗೆ ಹೋದವರು. ಹಿಂದಿರುಗುವ ದಾರಿಯಲ್ಲಿ ವಿನೋನಾ ಊರಿನ ಜೈಲಿನಲ್ಲಿ ಬಿದ್ದ ಹೊಡೆತದಿಂದ ಅವರ ಆರೋಗ್ಯ ಬದುಕಿಡೀ ಸುಧಾರಿಸಲಿಲ್ಲ.

ಈ ಚಳವಳಿಗೂ ನಮ್ಮ ನೆಲಕ್ಕೂ ಇರುವ ನಂಟನ್ನು ಒಂದು ಮಾತಿನಲ್ಲಿ ಹೇಳಿ ಮುಂದುವರಿಯುತ್ತೇನೆ. ಕಿಂಗ್ ಅವರ ಗುರುಗಳಾಗಿದ್ದ ಬೆಂಜಮಿನ್ ಮೇಸ್ 1937ರ ಆರಂಭದಲ್ಲಿ ವೈಎಂಸಿಎಯ ವಿಶ್ವ ಸಮ್ಮೇಳನಕ್ಕಾಗಿ ಮೈಸೂರಿಗೆ ಬಂದಿದ್ದರು. ಆ ಪ್ರವಾಸದಲ್ಲೇ ಗಾಂಧೀಜಿಯವರನ್ನು ಕಂಡರು. ಅಸ್ಪೃಶ್ಯ ಮಕ್ಕಳ ಶಾಲೆಯೊಂದರಲ್ಲಿ ಮುಖ್ಯೋಪಾಧ್ಯಾಯರು ಅವರನ್ನು ‘ಇವರೂ ಅಮೆರಿಕದ ಅಸ್ಪೃಶ್ಯರೇ’ ಎಂದು ಪರಿಚಯಿಸಿದರು. ಮೊದಲು ಆ ಮಾತಿನಿಂದ ಮೇಸ್ ಅವರಿಗೆ ನೋವಾಯಿತು. ಯೋಚಿಸಿದ ಮೇಲೆ ಅದು ನಿಜವೆಂದು ಅವರಿಗೆ ಅನ್ನಿಸಿತು.

1964ರ ನಾಗರಿಕ ಹಕ್ಕುಗಳ ಕಾಯಿದೆ ಹೋಟೆಲು, ಉದ್ಯೋಗ, ಸಾರ್ವಜನಿಕ ಸ್ಥಳಗಳ ಬೇರ್ಪಡಿಕೆಯನ್ನು ನಿಷೇಧಿಸಿತಾದರೂ ಮತದ ಪ್ರಶ್ನೆಯಲ್ಲಿ ದುರ್ಬಲವಾಗಿತ್ತು. ಸೆಲ್ಮಾ ಅದನ್ನು ಬಯಲಿಗೆ ತಂದಿತು. 1965ರ ಫೆಬ್ರವರಿಯಲ್ಲಿ ಪಕ್ಕದ ಮೇರಿಯನ್ ಊರಿನಲ್ಲಿ ಜಿಮ್ಮಿ ಲೀ ಜ್ಯಾಕ್ಸನ್ ಎಂಬ ಯುವಕನನ್ನು ಪೊಲೀಸರು ಗುಂಡಿಕ್ಕಿದರು. ಮಾರ್ಚ್ 7ರಂದು ಸುಮಾರು ಆರುನೂರು ಜನ ಸೇತುವೆ ದಾಟಿ ರಾಜ್ಯದ ರಾಜಧಾನಿ ಮಾಂಟ್ಗೊಮರಿಗೆ ನಡೆಯಲು ಹೊರಟಾಗ ಲಾಠಿ, ಅಶ್ರುವಾಯು ಎದುರಾದವು. ಅದೇ ರಾತ್ರಿ ದೇಶವೆಲ್ಲ ಟಿವಿಯಲ್ಲಿ ಅದನ್ನು ಕಂಡಿತು. ಎಂಟು ದಿನಗಳಲ್ಲಿ ಅಧ್ಯಕ್ಷ ಜಾನ್ಸನ್ ಕಾಂಗ್ರೆಸ್ಸಿನ ಮುಂದೆ ನಿಂತು ಮಸೂದೆ ಕೇಳಿದರು. ಈ ಸಲ ಸೆನೆಟ್ಟು ಈಸ್ಟ್‌ಲೆಂಡರ ಸಮಿತಿಗೆ ದಿನಾಂಕ ಗೊತ್ತುಮಾಡಿ, ಅಷ್ಟರೊಳಗೆ ಮಸೂದೆ ಹಿಂದಿರುಗಿಸಬೇಕೆಂದು ಕಟ್ಟುಮಾಡಿತು. ಆಗಸ್ಟ್ 6ರಂದು ಮತದಾನದ ಹಕ್ಕುಗಳ ಕಾಯಿದೆಗೆ ಸಹಿ ಬಿತ್ತು.

ಈ ಕಾಯಿದೆಯ ಕಟ್ಟೋಣವನ್ನು ತಾವು ಸ್ವಲ್ಪ ಸಾವಧಾನದಿಂದ ಗಮನಿಸಬೇಕೆಂದು ಕೋರುತ್ತೇನೆ. ಕೆಟ್ಟ ಉದ್ದೇಶವನ್ನು ಹುಡುಕಿ ಶಿಕ್ಷಿಸುವ ಗೋಜಿಗೆ ಅದು ಹೋಗಲಿಲ್ಲ. ಒಂದು ಸರಳ ಅಳತೆ ಹಾಕಿತು: 1964ರ ನವೆಂಬರಿನಲ್ಲಿ ಸಾಕ್ಷರತೆಯಂಥ ಪರೀಕ್ಷೆ ಇಟ್ಟುಕೊಂಡಿದ್ದು, ಅರ್ಧಕ್ಕಿಂತ ಕಡಿಮೆ ವಯಸ್ಕರು ಪಟ್ಟಿಯಲ್ಲಿದ್ದ ಅಥವಾ ಮತ ಹಾಕಿದ್ದ ರಾಜ್ಯ ಮತ್ತು ಕೌಂಟಿಗಳೆಲ್ಲ ವಿಶೇಷ ನಿಗಾಕ್ಕೆ ಒಳಪಟ್ಟವು. ಅಲಬಾಮಾ, ಜಾರ್ಜಿಯಾ, ಲೂಯಿಸಿಯಾನಾ, ಮಿಸಿಸಿಪ್ಪಿ, ದಕ್ಷಿಣ ಕೆರೊಲಿನಾ, ವರ್ಜೀನಿಯಾ ಇಡಿಯಾಗಿ ಇದರೊಳಗೆ ಬಂದವು. ಅಲ್ಲಿ ಪರೀಕ್ಷೆಗಳು ಆ ಕ್ಷಣವೇ ರದ್ದು. ರಿಜಿಸ್ಟ್ರಾರ್ ಒಪ್ಪದಿದ್ದರೆ ಕೇಂದ್ರದ ಅಧಿಕಾರಿಗಳೇ ಬಂದು ಹೆಸರು ಬರೆದುಕೊಳ್ಳಬಹುದು. ಎಲ್ಲಕ್ಕಿಂತ ಮುಖ್ಯವಾದದ್ದು ಐದನೆಯ ಸೆಕ್ಷನ್ನು. ಮತದಾನಕ್ಕೆ ಸಂಬಂಧಿಸಿದ ಯಾವ ನಿಯಮ ಬದಲಿಸಬೇಕಾದರೂ, ಮತಗಟ್ಟೆಯನ್ನು ಒಂದು ಬೀದಿಯಿಂದ ಇನ್ನೊಂದಕ್ಕೆ ಸರಿಸಬೇಕಾದರೂ, ಆ ರಾಜ್ಯ ವಾಷಿಂಗ್ಟನ್ನಿನ ಪೂರ್ವಾನುಮತಿ ಪಡೆಯಬೇಕು. ಬದಲಾವಣೆಯಿಂದ ಯಾವ ಜನಾಂಗಕ್ಕೂ ಅನ್ಯಾಯವಾಗುವುದಿಲ್ಲ ಎಂದು ತಾನೇ ತೋರಿಸಿಕೊಡಬೇಕು. ತೊಂಬತ್ತೈದು ವರ್ಷ ಮೇಜಿನ ಈಚೆಗಿದ್ದ ಹೊಣೆ ಆಚೆಗೆ ಹೋಯಿತು. ದಕ್ಷಿಣ ಕೆರೊಲಿನಾ ಇದನ್ನು ಪ್ರಶ್ನಿಸಿದಾಗ, ಕಾಲ ಮತ್ತು ಜಡತೆಯ ಲಾಭವನ್ನು ಅನ್ಯಾಯಗಾರರಿಂದ ಕಿತ್ತು ನೊಂದವರಿಗೆ ಕೊಡಲು ಕಾಂಗ್ರೆಸ್ಸಿಗೆ ಅಧಿಕಾರವಿದೆ ಎಂಬ ಅಭಿಪ್ರಾಯಕ್ಕೆ ಸುಪ್ರೀಂ ಕೋರ್ಟು 1966ರಲ್ಲಿ ಬಂತು.

ಫಲ ಕೂಡಲೇ ಕಂಡಿತು. ಮಿಸಿಸಿಪ್ಪಿಯಲ್ಲಿ ಮತ ಹಾಕುವ ವಯಸ್ಸಿನ ಕಪ್ಪುಜನರಲ್ಲಿ ನೋಂದಾಯಿತರು 1964ರಲ್ಲಿ ಶೇ. 6.7, 1967ರಲ್ಲಿ ಶೇ. 59.8. ಸೆಲ್ಮಾದಲ್ಲಿ ಸಾಲುನಿಂತವರನ್ನು ಹೊಡೆಸಿದ ಶೆರಿಫ್ ಜಿಮ್ ಕ್ಲಾರ್ಕ್ 1966ರ ಪ್ರಾಥಮಿಕ ಚುನಾವಣೆಯಲ್ಲೇ ಸೋತರು. ಅದೇ ಕಾಂಗ್ರೆಸ್ 1965ರ ಅಕ್ಟೋಬರಿನಲ್ಲಿ ವಲಸೆ ಕಾನೂನನ್ನೂ ಬದಲಿಸಿ, ಹುಟ್ಟಿದ ದೇಶದ ಆಧಾರದ ಕೋಟಾವನ್ನು ತೆಗೆದುಹಾಕಿತು. ಅದಕ್ಕೆ ಮುಂಚೆ ಭಾರತಕ್ಕೆ ಮೀಸಲಿದ್ದದ್ದು ವರ್ಷಕ್ಕೆ 100 ಜಾಗ. ಹ್ಯೂಸ್ಟನ್ನಿನಲ್ಲಿ, ನ್ಯೂಜೆರ್ಸಿಯಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳ ದಾರಿ ತೆರೆದುಕೊಂಡದ್ದು ಕಪ್ಪುಜನರು ಪ್ರಾಣಕೊಟ್ಟು ಬದಲಿಸಿದ ಅದೇ ರಾಜಕೀಯದಿಂದ. ಅಲ್ಲಿನ ನಮ್ಮವರು ಈ ಋಣವನ್ನು ಇನ್ನೂ ಹೆಚ್ಚಾಗಿ ನೆನೆಯಬೇಕೆಂದು ನನ್ನ ಆಸೆ.

ಹೊಣೆಯ ಪ್ರಶ್ನೆಗೆ ನಮ್ಮ ಗಣರಾಜ್ಯ ಕೊಟ್ಟ ಉತ್ತರವನ್ನೂ ಪಕ್ಕದಲ್ಲಿಟ್ಟು ನೋಡಬಹುದು. 1951–52ರ ಮೊದಲ ಮಹಾಚುನಾವಣೆಗೆ ಸರ್ಕಾರದ ಸಿಬ್ಬಂದಿಯೇ ಮನೆಮನೆಗೆ ಹೋಗಿ ಹದಿನೇಳು ಕೋಟಿಗೂ ಹೆಚ್ಚು ಹೆಸರು ಬರೆದುಕೊಂಡಿತು. ಓದುಬರಹ ಬಾರದವರಿಗೆ ಚಿಹ್ನೆಗಳನ್ನು ಕೊಟ್ಟಿತು. ಇಂಥವರ ಹೆಂಡತಿ, ಇಂಥವರ ಮಗಳು ಎಂದಷ್ಟೇ ಹೇಳಿದ ಸುಮಾರು 28 ಲಕ್ಷ ಹೆಂಗಸರ ಹೆಸರು ಆ ಪಟ್ಟಿಯಿಂದ ಬಿಟ್ಟುಹೋಯಿತು ಎಂಬ ಕೊರತೆಯನ್ನು ಮರೆಯುವಂತಿಲ್ಲ. ಆದರೂ ತತ್ತ್ವ ಸ್ಪಷ್ಟವಾಗಿತ್ತು: ನಾಗರಿಕ ಕಚೇರಿಯನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ, ಕಚೇರಿಯೇ ನಾಗರಿಕನನ್ನು ಹುಡುಕಿಕೊಂಡು ಬರಬೇಕು.

ಅಮೆರಿಕದ ಕಾಯಿದೆಯ ಅವಧಿಯನ್ನು ಕಾಂಗ್ರೆಸ್ ಹಲವು ಸಲ ವಿಸ್ತರಿಸಿತು. 2006ರಲ್ಲಿ 25 ವರ್ಷಕ್ಕೆ ವಿಸ್ತರಿಸಿದಾಗ ಸೆನೆಟ್ಟಿನಲ್ಲಿ ಒಂದೂ ವಿರೋಧ ಮತ ಬೀಳಲಿಲ್ಲ, ಪರವಾಗಿ 98. ಅಷ್ಟರಲ್ಲಿ ತಡೆಯ ರೂಪ ಬದಲಾಗಿತ್ತು. ಮತ ಹಾಕಲು ಬಿಟ್ಟು, ಆ ಮತಕ್ಕೆ ಬೆಲೆಯಿಲ್ಲದಂತೆ ಕ್ಷೇತ್ರಗಳ ಗಡಿ ಎಳೆಯುವುದು ಹೊಸ ವಿಧಾನ. ನೇರ ತಡೆಯೂ ಪೂರ್ತಿ ನಿಂತಿರಲಿಲ್ಲ. ಮಿಸಿಸಿಪ್ಪಿಯ ಕಿಲ್‌ಮೈಕಲ್ ಎಂಬ ಪುಟ್ಟ ಊರಿನಲ್ಲಿ 2001ರಲ್ಲಿ ಎಂದೂ ಇಲ್ಲದಷ್ಟು ಕಪ್ಪು ಅಭ್ಯರ್ಥಿಗಳು ನಿಂತಾಗ, ಬಿಳಿಯರೇ ಇದ್ದ ಪುರಸಭೆ ಚುನಾವಣೆಯನ್ನೇ ರದ್ದುಮಾಡಿತು. ಐದನೆಯ ಸೆಕ್ಷನ್ ಇದ್ದುದರಿಂದ ಕೇಂದ್ರ ತಡೆದು ಚುನಾವಣೆ ನಡೆಸುವಂತೆ ಮಾಡಿತು. ಊರಿಗೆ ಮೊದಲ ಕಪ್ಪು ಮೇಯರ್ ಬಂದರು. 1982ರಿಂದ 2006ರವರೆಗೆ ಹೀಗೆ ತಡೆದ ಬದಲಾವಣೆಗಳು 700ಕ್ಕೂ ಹೆಚ್ಚು.

2013ರ ಜೂನ್ 25ರಂದು ಶೆಲ್ಬಿ ಕೌಂಟಿ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಐದಕ್ಕೆ ನಾಲ್ಕರ ಬಹುಮತದಿಂದ, ಯಾವ ರಾಜ್ಯಗಳು ನಿಗಾಕ್ಕೆ ಒಳಪಡಬೇಕೆಂದು ಗೊತ್ತುಮಾಡುತ್ತಿದ್ದ ಕಾಯಿದೆಯ ಅಳತೆಯನ್ನು ರದ್ದುಗೊಳಿಸಿತು. ಅಳತೆಯಿಲ್ಲದೆ ಐದನೆಯ ಸೆಕ್ಷನ್ ನಿಷ್ಕ್ರಿಯವಾಯಿತು. ಬಹುಮತದ ವಾದವನ್ನು ನ್ಯಾಯವಾಗಿ ಹೇಳುವುದಾದರೆ, ರಾಜ್ಯಗಳೆಲ್ಲ ಸಮಾನ, ಕೆಲವನ್ನು ಮಾತ್ರ ನಿಗಾದಲ್ಲಿಡಲು ಇಂದಿನ ಕಾರಣ ಬೇಕು, ನಲವತ್ತು ವರ್ಷ ಹಳೆಯ ಅಂಕಿ ಸಾಲದು. ಅಂಕಿ ಹಳೆಯದಾಗಿತ್ತು ಎಂಬುದನ್ನು ಒಪ್ಪುತ್ತೇನೆ. ಆದರೆ ಹದಿನೈದು ಸಾವಿರ ಪುಟಗಳ ಸಾಕ್ಷ್ಯ ಪರಿಶೀಲಿಸಿ ಕಾಂಗ್ರೆಸ್ ತೀರ್ಮಾನಿಸಿದ್ದನ್ನು, ಜಾರಿಯ ಅಧಿಕಾರವನ್ನು ಕಾಂಗ್ರೆಸ್ಸಿಗೇ ಕೊಟ್ಟಿರುವ ತಿದ್ದುಪಡಿಯ ಅಡಿಯಲ್ಲಿ, ನ್ಯಾಯಾಲಯ ತಳ್ಳಿಹಾಕಿದ್ದು ತಪ್ಪೆಂದೇ ನನ್ನ ಭಾವನೆ. ಅನ್ಯಾಯ ಕಡಿಮೆಯಾಗಿದೆ ಎಂಬುದು ಕಾವಲು ಕೆಲಸ ಮಾಡುತ್ತಿದೆ ಎಂಬುದಕ್ಕೆ ಸಾಕ್ಷಿ. ಕಾವಲು ತೆಗೆಯಲು ಅದೇ ಕಾರಣವಾಗಲಾರದು. ತೀರ್ಪು ಬಂದ ದಿನವೇ ಟೆಕ್ಸಸ್ ತನ್ನ ಕಠಿಣ ಗುರುತಿನ ಚೀಟಿ ಕಾನೂನನ್ನು ಜಾರಿಗೆ ತರುವುದಾಗಿ ಸಾರಿತು. ಉತ್ತರ ಕೆರೊಲಿನಾ ಅದೇ ವರ್ಷ ಮಾಡಿದ ಕಾನೂನು ಕಪ್ಪು ಮತದಾರರನ್ನೇ ಗುರಿಯಿಟ್ಟಿದೆ ಎಂದು ಮೇಲ್ಮನವಿ ನ್ಯಾಯಾಲಯ ಹೇಳುವ ಹೊತ್ತಿಗೆ 2016 ಬಂದಿತ್ತು. ನಡುವಿನ ಚುನಾವಣೆ ಮುಗಿದುಹೋಗಿತ್ತು.

ಅಲಬಾಮಾದಲ್ಲೂ ಹಾಗೆಯೇ ಆಯಿತು. ಅಲ್ಲಿನ ಜನರಲ್ಲಿ ನಾಲ್ಕರಲ್ಲೊಂದು ಪಾಲಿಗಿಂತ ಹೆಚ್ಚು ಕಪ್ಪುಜನರು. 2021ರಲ್ಲಿ ರಾಜ್ಯ ಎಳೆದ ನಕ್ಷೆಯಲ್ಲಿ ಅವರು ಬಹುಸಂಖ್ಯಾತರಾದದ್ದು ಏಳು ಕ್ಷೇತ್ರಗಳಲ್ಲಿ ಒಂದರಲ್ಲಿ. ಈಗ ದಾವೆ ಹೂಡುವ, ಅಂಕಿ ಒಟ್ಟುಮಾಡುವ, ತಜ್ಞರನ್ನು ಕರೆಸುವ ಹೊಣೆ ಮತ್ತೆ ನಾಗರಿಕರದೇ. 2022ರ ಜನವರಿಯಲ್ಲಿ ವಿಚಾರಣಾ ನ್ಯಾಯಾಲಯ ನಕ್ಷೆ ಕಾನೂನುಬಾಹಿರವಿರುವ ಸಂಭವವೇ ಹೆಚ್ಚೆಂದು ಹೇಳಿ ತಡೆ ಕೊಟ್ಟಿತು. ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಆ ಆದೇಶವನ್ನು ಅಮಾನತಿನಲ್ಲಿಟ್ಟಿತು. 2023ರ ಜೂನಿನಲ್ಲಿ ಅದೇ ಸುಪ್ರೀಂ ಕೋರ್ಟು ದಾವೆದಾರರದೇ ಸರಿ ಎಂದಿತು. 2024ರಲ್ಲಿ ಹೊಸ ಗಡಿಗಳ ಮೇಲೆ, ಮಾಂಟ್ಗೊಮರಿಯನ್ನು ಒಳಗೊಂಡ ಎರಡನೆಯ ಕ್ಷೇತ್ರದಿಂದ ಕಪ್ಪು ಪ್ರತಿನಿಧಿಯೊಬ್ಬರು ಆರಿಸಿಬಂದರು. 2022ರ ನವೆಂಬರಿನ ಚುನಾವಣೆ ಮಾತ್ರ ಹಳೆಯ ನಕ್ಷೆಯ ಮೇಲೆಯೇ ನಡೆಯಿತು, ಅದರಲ್ಲಿ ಗೆದ್ದವರು ಎರಡು ವರ್ಷ ಪೂರ್ತಿ ವಾಷಿಂಗ್ಟನ್ನಿನಲ್ಲಿ ಕುಳಿತು ಕಾನೂನು ಮಾಡಿದರು.